ದೂರಕಲಿಕೆಯಲ್ಲಿ ಭಾಷೆಯ ಪ್ರಗತಿಯನ್ನು ಅಳೆಯಲು ಗೂಗಲ್ ಕ್ಲಾಸ್‌ರೂಮ್ ಎಷ್ಟರಮಟ್ಟಿಗೆ ಒದಗುತ್ತದೆ?

ಗೂಗಲ್ ಕ್ಲಾಸ್‌ರೂಮ್ 2014ರಲ್ಲಿ ಬಂದಾಗ ಅದರ ಕೆಲಸ ಸರಳವಾಗಿತ್ತು. ಶಿಕ್ಷಕರು ಅಸೈನ್‌ಮೆಂಟ್ ಹಂಚುತ್ತಿದ್ದರು, ವಿದ್ಯಾರ್ಥಿಗಳು ಬರೆದು ಒಪ್ಪಿಸುತ್ತಿದ್ದರು, ತಿದ್ದಿದ ಪ್ರತಿ ಕಾಗದದ ಕಟ್ಟಿಲ್ಲದೆ ಅವರವರಿಗೆ ಮರಳುತ್ತಿತ್ತು. 2017ರಲ್ಲಿ ಅದು ವೈಯಕ್ತಿಕ ಗೂಗಲ್ ಖಾತೆ ಇರುವವರಿಗೂ ತೆರೆದುಕೊಂಡಿತು. 2020ರಲ್ಲಿ ಲೋಕದ ತುಂಬ ಶಾಲೆಗಳು ಮುಚ್ಚಿ, ಯುನೆಸ್ಕೊ ಲೆಕ್ಕದಂತೆ 150 ಕೋಟಿಗೂ ಹೆಚ್ಚು ಕಲಿಯುವವರು ತರಗತಿಯಿಂದ ಹೊರಗುಳಿದಾಗ, ಹಂಚುವುದಕ್ಕೆಂದು ಹುಟ್ಟಿದ ಈ ವ್ಯವಸ್ಥೆಯೇ ಅನೇಕರ ಪಾಲಿಗೆ ತರಗತಿಯೂ ಪರೀಕ್ಷಾ ಕೊಠಡಿಯೂ ಆಯಿತು. ಆ ತುರ್ತು ಕಳೆದ ಮೇಲೂ ದೂರದಿಂದ ಭಾಷೆ ಕಲಿಸುವವರು ಇದನ್ನು ಬಿಟ್ಟಿಲ್ಲ. ಆದ್ದರಿಂದ ಭಾಷಾ ಶಿಕ್ಷಕರ ಒಂದೇ ಅಗತ್ಯವನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸುತ್ತಿದ್ದೇನೆ: ವಿದ್ಯಾರ್ಥಿಯ ಭಾಷೆ ಬೆಳೆಯುತ್ತಿದೆಯೇ, ಬೆಳೆಯುತ್ತಿದ್ದರೆ ಯಾವ ಕಡೆ, ನಿಂತುಹೋಗಿದ್ದರೆ ಎಲ್ಲಿ ಎಂಬುದು ಇದರ ಮೂಲಕ ತಿಳಿಯುತ್ತದೆಯೇ? ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲಾಸ್‌ರೂಮ್‌ನಲ್ಲಿ ಅಂಕ ಕೊಡುವ ಭಾಗಗಳು ಭಾಷೆಯ ಮಟ್ಟಿಗೆ ದುರ್ಬಲ. ವಿದ್ಯಾರ್ಥಿಯ ಕೆಲಸದ ಜಾಡನ್ನು ಉಳಿಸಿಕೊಳ್ಳುವ ಭಾಗಗಳು ಬಹಳ ಗಟ್ಟಿ. ಬಹುಪಾಲು ಶಿಕ್ಷಕರು ಮೊದಲನೆಯದನ್ನೇ ನೆಚ್ಚಿಕೊಂಡು ಎರಡನೆಯದನ್ನು ಮುಟ್ಟದೆ ಬಿಟ್ಟಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮುಖಾಮುಖಿ ತರಗತಿಯಲ್ಲಿ ಭಾಷಾ ಶಿಕ್ಷಕರು ನಡೆಸುವ ಮೌಲ್ಯಮಾಪನದ ದೊಡ್ಡ ಪಾಲು ಎಲ್ಲಿಯೂ ದಾಖಲಾಗುವುದಿಲ್ಲ. ಇಬ್ಬರು ವಿದ್ಯಾರ್ಥಿಗಳು ಜೋಡಿಯಾಗಿ ಮಾತನಾಡುವಾಗ ಪಕ್ಕದಲ್ಲಿ ಹಾದುಹೋಗುವ ಶಿಕ್ಷಕರಿಗೆ ಒಬ್ಬಳು ಭೂತಕಾಲದ ಕ್ರಿಯಾಪದ ಬಂದಾಗಲೆಲ್ಲ ತಡವರಿಸುವುದು ಕೇಳಿಸುತ್ತದೆ. ಇನ್ನೊಬ್ಬ ತಪ್ಪು ಹೇಳಿ ತಾನೇ ತಿದ್ದಿಕೊಂಡದ್ದು ಗೊತ್ತಾಗುತ್ತದೆ. ಮೂರನೆಯವನು ಪ್ರಶ್ನೆ ಅರ್ಥವಾಗದೆ ನಗುತ್ತಿದ್ದಾನೆಂಬುದು ಮುಖದಲ್ಲೇ ಕಾಣುತ್ತದೆ. ಪರದೆಯ ಮೇಲಿನ ತರಗತಿಯಲ್ಲಿ ಒಮ್ಮೆಗೆ ಒಬ್ಬರೇ ಮಾತನಾಡಬೇಕು, ಉಳಿದವರು ಮೈಕ್ ಮುಚ್ಚಿಕೊಂಡಿರಬೇಕು. ಹೀಗೆ ಕಳೆದುಹೋದ ಮಾಹಿತಿಯನ್ನು ಬೇರೆ ದಾರಿಯಿಂದ ಮರಳಿ ಪಡೆಯುವುದೇ ದೂರಕಲಿಕೆಯ ಮೌಲ್ಯಮಾಪನದ ಮುಖ್ಯ ಕೆಲಸ. ಕ್ಲಾಸ್‌ರೂಮ್‌ನ ಪ್ರತಿಯೊಂದು ಸೌಲಭ್ಯವನ್ನೂ ನಾನು ಈ ಅಳತೆಯಿಂದಲೇ ನೋಡಿದ್ದೇನೆ.

ಹೆಚ್ಚಿನವರು ಆರಂಭಿಸುವುದು ಪ್ರಶ್ನಾವಳಿ ತಯಾರಿಸುವ ಗೂಗಲ್ ಫಾರ್ಮ್ಸ್‌ನ ಕ್ವಿಜ್‌ನಿಂದ. ಬಹು ಆಯ್ಕೆಯ ಪ್ರಶ್ನೆಗಳನ್ನು ಸಿದ್ಧಪಡಿಸಿ ಸರಿಯುತ್ತರ ಮತ್ತು ಅಂಕಗಳನ್ನು ಮೊದಲೇ ತುಂಬಿಟ್ಟರೆ ತಿದ್ದುವ ಕೆಲಸ ತಾನಾಗಿ ಮುಗಿಯುತ್ತದೆ, ಅಂಕಗಳು ಕ್ಲಾಸ್‌ರೂಮ್‌ನ ಅಂಕಪಟ್ಟಿಗೆ ಹರಿದುಬರುತ್ತವೆ. ಸರಾಸರಿ ಮತ್ತು ಮಧ್ಯಾಂಕದ ಜೊತೆಗೆ ಹೆಚ್ಚು ಮಂದಿ ತಪ್ಪಿದ ಪ್ರಶ್ನೆಗಳ ಪಟ್ಟಿಯನ್ನೂ ಫಾರ್ಮ್ಸ್ ತೋರಿಸುತ್ತದೆ. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಈ ಪಟ್ಟಿಯೇ, ಏಕೆಂದರೆ ಮರುದಿನದ ಪಾಠ ಎಲ್ಲಿಂದ ಶುರುವಾಗಬೇಕೆಂದು ಅದು ನೇರವಾಗಿ ಹೇಳುತ್ತದೆ. ತಪ್ಪು ಉತ್ತರಕ್ಕೆ ಒಂದು, ಸರಿ ಉತ್ತರಕ್ಕೆ ಇನ್ನೊಂದು ಎಂದು ವಿವರಣೆಯನ್ನು ಮೊದಲೇ ಬರೆದಿಡುವ ಅವಕಾಶವೂ ಇದೆ. ತಪ್ಪಿದವರನ್ನು ಸುಲಭದ ವಿಭಾಗಕ್ಕೂ ಸರಿ ಉತ್ತರಿಸಿದವರನ್ನು ಮುಂದಿನ ವಿಭಾಗಕ್ಕೂ ಕಳುಹಿಸುವಂತೆ ಪ್ರಶ್ನೆಪತ್ರಿಕೆಯನ್ನು ಕವಲೊಡೆಸಬಹುದು. ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯ, ಪದಸಂಪತ್ತು, ವ್ಯಾಕರಣದ ಗುರುತಿಸುವಿಕೆ ಇವುಗಳಿಗೆ ಇಷ್ಟು ಸಾಕು.

ತೊಡಕು ಶುರುವಾಗುವುದು ವಿದ್ಯಾರ್ಥಿ ತಾನೇ ಭಾಷೆಯನ್ನು ಬರೆಯಬೇಕಾದಾಗ. ಫಾರ್ಮ್ಸ್‌ನ ಕಿರು ಉತ್ತರದ ಪ್ರಶ್ನೆ, ನಾವು ಕೊಟ್ಟ ಸರಿಯುತ್ತರದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಅಂಕ ಕೊಡುತ್ತದೆ. ‘ಹೋದಳು’ ಎಂಬುದು ಸರಿಯುತ್ತರವಾಗಿದ್ದರೆ ‘ಅವಳು ಹೋದಳು’ ಎಂದು ಬರೆದವಳಿಗೂ ಅಂಕವಿಲ್ಲ, ಕ್ರಿಯಾಪದವನ್ನೇ ತಿಳಿಯದವಳಿಗೂ ಇಲ್ಲ. ಕನ್ನಡದಂಥ ಲಿಪಿಯಲ್ಲಿ ಇನ್ನೂ ಒಂದು ಕಷ್ಟ ಸೇರಿಕೊಳ್ಳುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕೆ ಸೊನ್ನೆಯನ್ನು ಒತ್ತಿದರೆ ಕಣ್ಣಿಗೆ ಎರಡೂ ಒಂದೇ ರೀತಿ ಕಂಡರೂ ಯಂತ್ರಕ್ಕೆ ಅವು ಬೇರೆ ಬೇರೆ ಅಕ್ಷರಗಳು. ಅದು ಭಾಷೆಯ ತಪ್ಪಲ್ಲ, ಕೀಲಿಮಣೆಯ ತಪ್ಪು. ಅಂಕಪಟ್ಟಿ ಮಾತ್ರ ಎರಡು ಬಗೆಯ ತಪ್ಪಿಗೂ ಒಂದೇ ಸೊನ್ನೆ ಅಂಕವನ್ನು ತೋರಿಸುತ್ತದೆ. ಒಪ್ಪಬಹುದಾದ ಹಲವು ಉತ್ತರಗಳನ್ನು ಮೊದಲೇ ಸೇರಿಸಿಡಬಹುದೆಂಬುದು ನಿಜ. ಆದರೆ ಭಾಷೆ ಕಲಿಯುವವರು ನಾವು ಊಹಿಸದ ರೀತಿಯಲ್ಲಿಯೇ ಸರಿಯಾಗಿ ಬರೆಯುತ್ತಾರೆ. ಹಾಗಾಗಿ ಅಂಕಗಳನ್ನು ಕೂಡಲೇ ಪ್ರಕಟಿಸುವ ಆಯ್ಕೆಯನ್ನು ಬಿಟ್ಟು, ಶಿಕ್ಷಕರು ಪರಿಶೀಲಿಸಿದ ನಂತರ ಪ್ರಕಟಿಸುವ ಆಯ್ಕೆಯನ್ನೇ ಇಟ್ಟುಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಆಲಿಸುವಿಕೆಯ ವಿಷಯದಲ್ಲಿ ಫಾರ್ಮ್ಸ್ ನಿರಾಸೆಗೊಳಿಸುತ್ತದೆ. ಪ್ರಶ್ನೆಪತ್ರಿಕೆಯೊಳಗೆ ಚಿತ್ರವನ್ನೂ ಯೂಟ್ಯೂಬ್ ವಿಡಿಯೊವನ್ನೂ ಇಡಬಹುದೇ ಹೊರತು ಧ್ವನಿಯ ಕಡತವನ್ನು ನೇರವಾಗಿ ಇಡುವಂತಿಲ್ಲ. ಧ್ವನಿಯನ್ನು ವಿಡಿಯೊ ಆಗಿ ಮಾರ್ಪಡಿಸಬೇಕು, ಇಲ್ಲವೇ ಗೂಗಲ್ ಡ್ರೈವ್‌ನ ಲಿಂಕ್ ಕೊಡಬೇಕು. ಎಷ್ಟು ಸಲ ಕೇಳಬಹುದೆಂಬ ಮಿತಿಯನ್ನು ವಿಧಿಸುವ ಉಪಾಯವೂ ಇಲ್ಲ.

ಬರಹದ ಮೌಲ್ಯಮಾಪನಕ್ಕೆ ಬಂದರೆ ಚಿತ್ರವೇ ಬದಲಾಗುತ್ತದೆ. ಅಸೈನ್‌ಮೆಂಟ್ ಕೊಡುವಾಗ ಒಂದು ಗೂಗಲ್ ಡಾಕ್ಸ್ ಕಡತವನ್ನು ಲಗತ್ತಿಸಿ ಪ್ರತಿ ವಿದ್ಯಾರ್ಥಿಗೂ ಒಂದೊಂದು ಪ್ರತಿ ತಯಾರಾಗುವ ಆಯ್ಕೆಯನ್ನು ಆರಿಸಿದರೆ, ಆ ಕಡತದಲ್ಲಿ ವಿದ್ಯಾರ್ಥಿ ಮಾಡಿದ ಬದಲಾವಣೆಗಳ ಇತಿಹಾಸವೆಲ್ಲ ಉಳಿಯುತ್ತದೆ. ಭಾಷಾ ಶಿಕ್ಷಕರಿಗೆ ಈ ಉತ್ಪನ್ನದಲ್ಲಿರುವ ಅತ್ಯಮೂಲ್ಯ ವಸ್ತು ಇದೇ. ಮೊದಲ ಕರಡಿನಲ್ಲಿ ವಿದ್ಯಾರ್ಥಿ ಯಾವ ಪದ ಬಳಸಿದ್ದ, ಯಾವುದನ್ನು ಅಳಿಸಿದ, ಯಾವ ವಾಕ್ಯವನ್ನು ಮುರಿದು ಮತ್ತೆ ಕಟ್ಟಿದ, ಕ್ರಿಯಾಪದದ ರೂಪವನ್ನು ಯಾರೂ ಹೇಳದೆಯೇ ಬದಲಿಸಿಕೊಂಡನೇ ಎಂಬುದೆಲ್ಲ ಅಲ್ಲಿ ದಿನಾಂಕ ಮತ್ತು ವೇಳೆಯ ಸಮೇತ ಕಾಣುತ್ತದೆ. ತರಗತಿಯಲ್ಲಿ ಬೆಂಚಿನ ಪಕ್ಕ ನಿಂತು ನೋಡಿದರೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ತನ್ನ ತಪ್ಪನ್ನು ತಾನೇ ಗುರುತಿಸಿ ತಿದ್ದಿಕೊಳ್ಳುವ ಶಕ್ತಿ ಭಾಷಾ ಬೆಳವಣಿಗೆಯ ನಂಬಲರ್ಹ ಕುರುಹು. ಅಂತಿಮ ಪ್ರತಿಯೊಂದನ್ನೇ ನೋಡಿ ಅಂಕ ಕೊಟ್ಟರೆ ಅದು ಕಣ್ತಪ್ಪಿಹೋಗುತ್ತದೆ. ವರ್ಷದ ಆರಂಭದ ಬರಹವನ್ನೂ ನಡುವರ್ಷದ ಬರಹವನ್ನೂ ಇತಿಹಾಸ ಸಮೇತ ಅಕ್ಕಪಕ್ಕ ತೆರೆದು ನೋಡುವ ಶಿಕ್ಷಕರಿಗೆ ಪ್ರಗತಿಯ ಬಗ್ಗೆ ಯಾವ ಕ್ವಿಜ್ ಅಂಕಕ್ಕಿಂತಲೂ ಹೆಚ್ಚು ತಿಳಿಯುತ್ತದೆ.

ತಿದ್ದುವ ವಿಧಾನದಲ್ಲಿ ಒಂದು ಎಚ್ಚರ ಬೇಕು. ಡಾಕ್ಸ್‌ನ ಸಲಹೆಯ ವಿಧಾನದಲ್ಲಿ ಶಿಕ್ಷಕರು ತಪ್ಪನ್ನು ತಿದ್ದಿಟ್ಟರೆ ವಿದ್ಯಾರ್ಥಿ ಒಂದೇ ಒತ್ತಿನಲ್ಲಿ ಅದನ್ನು ಒಪ್ಪಿಕೊಳ್ಳಬಹುದು. ಬರಹ ಸರಿಯಾಗುತ್ತದೆ, ಬರೆದವರಲ್ಲಿ ಏನೂ ಬದಲಾಗಿರುವುದಿಲ್ಲ. ಅದರ ಬದಲು ತಪ್ಪಿರುವ ಜಾಗವನ್ನು ಗುರುತಿಸಿ, ಅಂಚಿನ ಟಿಪ್ಪಣಿಯಲ್ಲಿ ‘ಕಾಲ’, ‘ವಿಭಕ್ತಿ’, ‘ಲಿಂಗ’, ‘ಪದಕ್ರಮ’ ಎಂದಷ್ಟೇ ಬರೆದು ಹಿಂದಿರುಗಿಸಿದರೆ ತಿದ್ದುವ ಹೊಣೆ ವಿದ್ಯಾರ್ಥಿಯ ಮೇಲೆಯೇ ಉಳಿಯುತ್ತದೆ, ಆತ ಅದನ್ನು ಹೇಗೆ ನಿಭಾಯಿಸಿದನೆಂಬುದು ಇತಿಹಾಸದಲ್ಲಿ ಮತ್ತೆ ದಾಖಲಾಗುತ್ತದೆ. ಪದೇ ಪದೇ ಬರೆಯಬೇಕಾದ ಟಿಪ್ಪಣಿಗಳನ್ನು ಕೂಡಿಟ್ಟುಕೊಳ್ಳಲು ಕ್ಲಾಸ್‌ರೂಮ್‌ನಲ್ಲಿ ಟಿಪ್ಪಣಿ ಸಂಗ್ರಹವೊಂದಿದೆ. ಅದನ್ನು ಒಮ್ಮೆ ಶ್ರದ್ಧೆಯಿಂದ ಸಿದ್ಧಪಡಿಸಿಕೊಂಡರೆ ದೊಡ್ಡ ತರಗತಿಯಲ್ಲಿಯೂ ಈ ವಿಧಾನ ಭಾರವೆನಿಸುವುದಿಲ್ಲ.

ಡಾಕ್ಸ್‌ನ ಕಾಗುಣಿತ ಮತ್ತು ವ್ಯಾಕರಣ ಸಲಹೆಗಳು ಮಾತ್ರ ಆರಂಭಿಕ ಹಂತದ ಕಲಿಕೆಗೆ ತೊಡಕು. ಕೆಂಪು ಗೆರೆ ಕಂಡೊಡನೆ ತಿದ್ದಿದ್ದು ವಿದ್ಯಾರ್ಥಿಯ ಜ್ಞಾನವೋ ಯಂತ್ರದ ಸೂಚನೆಯೋ ಎಂದು ಹೇಳಲಾಗದು. ಲಿಪಿಯನ್ನೇ ಹೊಸದಾಗಿ ಕಲಿಯುತ್ತಿರುವವರಿಗೆ ಕಾಗದದ ಮೇಲೆ ಕೈಯಲ್ಲಿ ಬರೆಸಿ, ಅದರ ಚಿತ್ರವನ್ನು ಒಪ್ಪಿಸುವಂತೆ ಹೇಳುವುದೇ ಸರಿ. ಕ್ಲಾಸ್‌ರೂಮ್‌ನ ಮೊಬೈಲ್ ಆ್ಯಪ್‌ನಲ್ಲಿ ಆ ಚಿತ್ರದ ಮೇಲೆಯೇ ಬೆರಳಿನಿಂದ ಗುರುತು ಹಾಕಿ ಹಿಂದಿರುಗಿಸಬಹುದು. ಆದರೆ ಚಿತ್ರಕ್ಕೆ ಬದಲಾವಣೆಯ ಇತಿಹಾಸವಿರುವುದಿಲ್ಲವಾದ್ದರಿಂದ ಮೊದಲ ಕರಡು ಮತ್ತು ತಿದ್ದಿದ ಪ್ರತಿ ಎರಡನ್ನೂ ಕೇಳಿ ಪಡೆಯಬೇಕಾಗುತ್ತದೆ.

ಕೃತಿಚೌರ್ಯವನ್ನು ಪರೀಕ್ಷಿಸುವ ಒರಿಜಿನಾಲಿಟಿ ರಿಪೋರ್ಟ್ ಎಂಬ ಸೌಲಭ್ಯವೂ ಇದರಲ್ಲಿದೆ. ಅಂತರ್ಜಾಲದ ಪುಟಗಳು ಮತ್ತು ಪುಸ್ತಕಗಳೊಂದಿಗೆ ಬರಹವನ್ನು ಹೋಲಿಸಿ ಅದು ವರದಿ ಕೊಡುತ್ತದೆ. ಒಪ್ಪಿಸುವ ಮೊದಲು ವಿದ್ಯಾರ್ಥಿಯೂ ಒಂದು ಅಸೈನ್‌ಮೆಂಟ್‌ಗೆ 3 ಸಲ ಅದನ್ನು ನಡೆಸಿ ನೋಡಬಹುದು. ಭಾಷಾ ತರಗತಿಯಲ್ಲಿ ನಮ್ಮನ್ನು ಕಾಡುವ ಪ್ರಶ್ನೆ ಬೇರೆಯದು. ಮಾತೃಭಾಷೆಯಲ್ಲಿ ಬರೆದು ಯಂತ್ರದಿಂದ ಅನುವಾದಿಸಿಕೊಂಡ ಬರಹವಾಗಲಿ, ಕೃತಕ ಬುದ್ಧಿಮತ್ತೆ ಹೊಸದಾಗಿ ಹೆಣೆದುಕೊಟ್ಟ ಬರಹವಾಗಲಿ ಬೇರೆಲ್ಲಿಯೂ ಪ್ರಕಟವಾಗಿರುವುದಿಲ್ಲವಾದ್ದರಿಂದ ಹೋಲಿಕೆಗೆ ಸಿಗುವುದಿಲ್ಲ. ಇಲ್ಲಿಯೂ ನೆರವಿಗೆ ಬರುವುದು ಬದಲಾವಣೆಯ ಇತಿಹಾಸವೇ. ಒಂದು ಪುಟದ ಬರಹ ಒಂದೇ ಕ್ಷಣದಲ್ಲಿ ಇಡಿಯಾಗಿ ಬಂದು ಕೂತಿದ್ದರೆ ಅದು ಕಾಣುತ್ತದೆ. ಅಷ್ಟರಿಂದಲೇ ಯಾರನ್ನೂ ತಪ್ಪಿತಸ್ಥರೆನ್ನಬಾರದು, ಏಕೆಂದರೆ ಬೇರೆ ಕಡತದಲ್ಲಿ ಬರೆದು ತಂದು ಅಂಟಿಸಿರಲೂಬಹುದು. ಅದೇ ಬರಹದ ಬಗ್ಗೆ ಕೆಲವು ನಿಮಿಷ ಆ ಭಾಷೆಯಲ್ಲಿಯೇ ಮಾತನಾಡಿಸಿದರೆ ಸಂಶಯ ಪರಿಹಾರವಾಗುತ್ತದೆ, ಮೌಖಿಕ ಮೌಲ್ಯಮಾಪನವೂ ಆಗುತ್ತದೆ.

ರೂಬ್ರಿಕ್, ಅಂದರೆ ಮಾನದಂಡಗಳನ್ನೂ ಅವುಗಳ ಹಂತಗಳನ್ನೂ ಬರೆದಿಟ್ಟ ಅಳತೆಪಟ್ಟಿಯ ಸೌಲಭ್ಯ, ನನಗೆ ತೃಪ್ತಿ ಕೊಟ್ಟ ಇನ್ನೊಂದು ಭಾಗ. ಒಂದು ರೂಬ್ರಿಕ್‌ನಲ್ಲಿ 50 ಮಾನದಂಡಗಳವರೆಗೆ, ಪ್ರತಿ ಮಾನದಂಡಕ್ಕೂ 10 ಹಂತಗಳವರೆಗೆ ಇಡಬಹುದು. ಅಷ್ಟೊಂದು ಯಾರಿಗೂ ಬೇಡ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಸಿಇಎಫ್‌ಆರ್ ಚೌಕಟ್ಟು ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಭಾಷಾ ಸಾಮರ್ಥ್ಯವನ್ನು ವಿವರಿಸುತ್ತದೆ. ಮಾತಿನ ಗುಣವನ್ನು ನೋಡಲು ಅದರಲ್ಲಿ ವ್ಯಾಪ್ತಿ, ನಿಖರತೆ, ನಿರರ್ಗಳತೆ, ಸಂವಾದ, ಸುಸಂಬದ್ಧತೆ ಎಂಬ ಐದು ಮುಖಗಳಿವೆ. ಆ ಐದನ್ನೇ ಮಾನದಂಡಗಳಾಗಿಟ್ಟು, ಪ್ರತಿ ಹಂತಕ್ಕೂ ‘ಪರಿಚಿತ ವಿಷಯದ ಬಗ್ಗೆ ಸರಳ ವಾಕ್ಯಗಳಲ್ಲಿ ಹೇಳಬಲ್ಲರು’ ಎಂಬಂತಹ ವಿವರಣೆ ಬರೆದರೆ ಯಾವ ಭಾಷೆಗಾದರೂ ಹೊಂದುವ ಒಂದು ಅಳತೆಗೋಲು ಸಿಗುತ್ತದೆ. ಸಿಇಎಫ್‌ಆರ್‌ನ 2020ರ ಪೂರಕ ಸಂಪುಟದಲ್ಲಿ ಆನ್‌ಲೈನ್ ಸಂವಾದಕ್ಕೇ ಪ್ರತ್ಯೇಕ ವಿವರಣೆಗಳಿರುವುದು ದೂರದಿಂದ ಕಲಿಸುವವರಿಗೆ ಇನ್ನಷ್ಟು ಅನುಕೂಲ. ವಿದ್ಯಾರ್ಥಿಗಳು ಕೆಲಸ ಶುರುಮಾಡುವ ಮೊದಲೇ ರೂಬ್ರಿಕ್ ಓದಬಹುದು, ಶಿಕ್ಷಕರು ಅದೇ ರೂಬ್ರಿಕ್ಕನ್ನು ಮುಂದಿನ ಅಸೈನ್‌ಮೆಂಟ್‌ಗಳಿಗೂ ಬಳಸಬಹುದು. ಮೂರು ತಿಂಗಳ ಹಿಂದೆ ಸುಸಂಬದ್ಧತೆಯಲ್ಲಿ ಎರಡನೆಯ ಹಂತದಲ್ಲಿದ್ದ ವಿದ್ಯಾರ್ಥಿ ಈಗ ಮೂರನೆಯದಕ್ಕೆ ಏರಿದ್ದಾಳೆಂದು ಹೇಳಲು ಸಾಧ್ಯವಾಗುವುದು ಅಳತೆಗೋಲು ಬದಲಾಗದೆ ಉಳಿದಾಗ ಮಾತ್ರ.

ರೂಬ್ರಿಕ್‌ನಲ್ಲಿ ಅಂಕಗಳನ್ನು ತೆಗೆದುಹಾಕಿ ಹಂತಗಳನ್ನಷ್ಟೇ ಉಳಿಸಿಕೊಳ್ಳಬಹುದು, ಅಸೈನ್‌ಮೆಂಟನ್ನು ಅಂಕರಹಿತವಾಗಿ ಇಡಲೂಬಹುದು. ಈ ಎರಡು ಆಯ್ಕೆಗಳು ಚಿಕ್ಕವಾಗಿ ಕಂಡರೂ ಅವುಗಳ ಬೆಲೆ ದೊಡ್ಡದು. ಶಿಕ್ಷಣ ಮನೋವಿಜ್ಞಾನಿ ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳ ಕೆಲಸ ಸುಧಾರಿಸಿತ್ತು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ದೂರಕಲಿಕೆಯಲ್ಲಿ ಇದು ಇನ್ನೂ ತೀವ್ರವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಪರದೆಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ಅಂಕ, ಅದನ್ನು ನೋಡಿದ ಮೇಲೆ ಟಿಪ್ಪಣಿಯನ್ನು ತೆರೆದು ಓದುವ ತಾಳ್ಮೆ ಅನೇಕರಲ್ಲಿ ಉಳಿಯುವುದಿಲ್ಲ. ಕರಡಿನ ಹಂತದಲ್ಲಿ ಅಂಕವನ್ನು ತಡೆಹಿಡಿದು ಟಿಪ್ಪಣಿಯನ್ನಷ್ಟೇ ಕಳುಹಿಸಲು ಕ್ಲಾಸ್‌ರೂಮ್ ಅವಕಾಶ ಕೊಡುತ್ತದೆ. ಅದನ್ನು ದಯವಿಟ್ಟು ಬಳಸಿಕೊಳ್ಳಿ.

ಅಂಕಪಟ್ಟಿಯ ಲೆಕ್ಕದ ಬಗ್ಗೆ ನನಗೆ ತಕರಾರಿದೆ. ಒಟ್ಟು ಅಂಕಗಳ ಲೆಕ್ಕ, ವರ್ಗವಾರು ತೂಕದ ಲೆಕ್ಕ, ಒಟ್ಟಾರೆ ಲೆಕ್ಕವೇ ಬೇಡವೆಂಬ ಆಯ್ಕೆ ಎಂದು ಮೂರು ಬಗೆಗಳು ಅದರಲ್ಲಿವೆ. ಮೊದಲೆರಡೂ ಮೂಲತಃ ಸರಾಸರಿಗಳೇ. ನಾಲ್ಕು ಕೆಲಸಗಳಲ್ಲಿ ಕ್ರಮವಾಗಿ 4, 5, 8, 9 ಅಂಕ ಪಡೆದವಳ ಸರಾಸರಿ 6.5. ಕ್ರಮವಾಗಿ 9, 8, 5, 4 ಪಡೆದವನ ಸರಾಸರಿಯೂ 6.5. ಒಬ್ಬಳು ಏರುತ್ತಿದ್ದಾಳೆ, ಇನ್ನೊಬ್ಬ ಇಳಿಯುತ್ತಿದ್ದಾನೆ, ಒಟ್ಟಾರೆ ಅಂಕ ಇಬ್ಬರ ಬಗ್ಗೆಯೂ ಒಂದೇ ಮಾತನ್ನು ಹೇಳುತ್ತಿದೆ. ಹಿಂದಿನದರ ಮೇಲೆ ಮುಂದಿನದು ನಿಲ್ಲುವ ಭಾಷೆಯಂಥ ವಿಷಯದಲ್ಲಿ ಇತ್ತೀಚಿನ ಸಾಮರ್ಥ್ಯವೇ ಮುಖ್ಯವಾದದ್ದರಿಂದ ಮೂರನೆಯ ಆಯ್ಕೆಯನ್ನೇ ನಾನು ಶಿಫಾರಸು ಮಾಡುತ್ತೇನೆ. ಪೋಷಕರಿಗೆ ಇಮೇಲ್ ಮೂಲಕ ಹೋಗುವ ಸಾರಾಂಶವೂ ಬಾಕಿ ಉಳಿದ ಕೆಲಸ, ಮುಂದಿನ ಕೆಲಸ ಮತ್ತು ತರಗತಿಯ ಚಟುವಟಿಕೆಗಳನ್ನು ತಿಳಿಸುತ್ತದೆ. ಮಗು ಏನನ್ನು ಒಪ್ಪಿಸಿಲ್ಲ ಎಂಬುದು ಅವರಿಗೆ ತಿಳಿಯುತ್ತದೆ, ಏನನ್ನು ಕಲಿತಿದೆ ಎಂಬುದು ತಿಳಿಯುವುದಿಲ್ಲ. ಅದನ್ನು ಶಿಕ್ಷಕರೇ ಬೇರೆಯಾಗಿ ಬರೆದು ಕಳುಹಿಸಬೇಕು.

ಮಾತಿನ ಮೌಲ್ಯಮಾಪನವೇ ಈ ಉತ್ಪನ್ನದ ದೊಡ್ಡ ಕೊರತೆ. ವಿದ್ಯಾರ್ಥಿ ತನ್ನ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಆ ಕಡತವನ್ನು ಅಸೈನ್‌ಮೆಂಟ್‌ಗೆ ಲಗತ್ತಿಸಬಹುದು, ಶಿಕ್ಷಕರು ಅದನ್ನು ಕೇಳಿ ರೂಬ್ರಿಕ್‌ನಲ್ಲಿ ಗುರುತಿಸಬಹುದು. ಖಾಸಗಿ ಟಿಪ್ಪಣಿ ಬರಹದ ಪೆಟ್ಟಿಗೆಯಾಗಿರುವುದರಿಂದ ಉಚ್ಚಾರಣೆಯ ತಪ್ಪು ಯಾವ ಕ್ಷಣದಲ್ಲಿ ಬಂತೆಂಬುದನ್ನು ನಾವೇ ವೇಳೆಯ ಸಮೇತ ಬರೆಯಬೇಕು. ಇನ್ನೂ ಮೂಲಭೂತವಾದ ಸಮಸ್ಯೆಯೆಂದರೆ, ಮನೆಯಲ್ಲಿ ಧ್ವನಿಮುದ್ರಿಸಿ ಕಳುಹಿಸುವ ಮಾತು ಬಹುಪಾಲು ಬರೆದು ಓದಿದ ಮಾತಾಗಿರುತ್ತದೆ. ಅದರಿಂದ ಉಚ್ಚಾರಣೆ ತಿಳಿಯುತ್ತದೆ. ಎದುರಿನವರ ಮಾತನ್ನು ಕೇಳಿ ಆ ಕ್ಷಣದಲ್ಲಿಯೇ ಉತ್ತರ ಕೊಡುವ ಶಕ್ತಿ ತಿಳಿಯುವುದಿಲ್ಲ. ಅದಕ್ಕೆ ಗೂಗಲ್ ಮೀಟ್‌ನಲ್ಲಿ ಒಬ್ಬೊಬ್ಬರೊಂದಿಗೋ ಇಬ್ಬಿಬ್ಬರೊಂದಿಗೋ ಚಿಕ್ಕ ಸಂಭಾಷಣೆ ನಡೆಸದೆ ಬೇರೆ ದಾರಿಯಿಲ್ಲ. ಇಬ್ಬರನ್ನು ಒಟ್ಟಿಗೆ ಕರೆದು, ಇಬ್ಬರಿಗೂ ಅರ್ಧರ್ಧ ಮಾಹಿತಿ ಕೊಟ್ಟು, ಪ್ರಶ್ನೆ ಕೇಳಿಕೊಂಡು ಪೂರ್ತಿಮಾಡುವಂತೆ ಹೇಳುವುದು ನನಗೆ ಹೆಚ್ಚು ಪ್ರಾಮಾಣಿಕವಾದ ಫಲಿತಾಂಶ ಕೊಟ್ಟ ವಿಧಾನ: ಶಿಕ್ಷಕರ ಪ್ರಶ್ನೆಗೆ ಹೆದರಿ ಬಾಯಿಕಟ್ಟಿದವರಂತಾಗುವ ವಿದ್ಯಾರ್ಥಿಗಳೂ ಗೆಳೆಯರೊಂದಿಗೆ ಮಾತನಾಡುತ್ತಾರೆ. ಒಂದೇ ಸಭೆಯೊಳಗೆ ಚಿಕ್ಕ ಗುಂಪುಗಳ ಕೋಣೆಗಳನ್ನು ತೆರೆಯುವ ಮತ್ತು ಸಭೆಯನ್ನು ಧ್ವನಿಮುದ್ರಿಸುವ ಸೌಲಭ್ಯಗಳು ಶಿಕ್ಷಣ ಸಂಸ್ಥೆಗಳ ಉಚಿತ ಆವೃತ್ತಿಯಲ್ಲಿಲ್ಲ, ಶುಲ್ಕ ಕೊಡುವ ಆವೃತ್ತಿಗಳಲ್ಲಿವೆ. ಭಾಷೆ ಕಲಿಸುವವರಿಗೆ ಅತ್ಯಗತ್ಯವಾದದ್ದೇ ಉಚಿತ ಭಾಗದಿಂದ ಹೊರಗುಳಿದಿದೆ.

ಇತರ ವ್ಯವಸ್ಥೆಗಳೊಂದಿಗೆ ಹೋಲಿಸಿದರೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. 2002ರಿಂದ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಮೂಡಲ್‌ನಲ್ಲಿ ಬರೆಯುವ ಪೆಟ್ಟಿಗೆಯೊಳಗೇ ಧ್ವನಿಮುದ್ರಿಸುವ ಗುಂಡಿ ಇದೆ, ಕಿರು ಉತ್ತರದ ಪ್ರಶ್ನೆಗಳಲ್ಲಿ ಭಾಗಶಃ ಸರಿಯಾದ ಉತ್ತರಕ್ಕೆ ಭಾಗಶಃ ಅಂಕವನ್ನೂ ನಿಗದಿಪಡಿಸಬಹುದು. ಆದರೆ ಅದನ್ನು ಸ್ಥಾಪಿಸಿ ನೋಡಿಕೊಳ್ಳಲು ಸರ್ವರ್ ಮತ್ತು ತಿಳಿದವರೊಬ್ಬರು ಬೇಕು. ಮೈಕ್ರೋಸಾಫ್ಟ್ ಟೀಮ್ಸ್‌ಗೆ 2021ರಲ್ಲಿ ಸೇರಿದ ರೀಡಿಂಗ್ ಪ್ರೋಗ್ರೆಸ್, ವಿದ್ಯಾರ್ಥಿಯ ಗಟ್ಟಿ ಓದನ್ನು ಮುದ್ರಿಸಿಕೊಂಡು ನಿಮಿಷಕ್ಕೆ ಎಷ್ಟು ಪದಗಳನ್ನು ಸರಿಯಾಗಿ ಓದಿದರು, ಯಾವುದನ್ನು ಬಿಟ್ಟರು, ಯಾವುದನ್ನು ತಿದ್ದಿಕೊಂಡರು ಎಂದು ಗುರುತಿಸುತ್ತದೆ. ಯಂತ್ರದ ಗುರುತು ತಪ್ಪಿದ್ದರೆ ಶಿಕ್ಷಕರು ಅದನ್ನು ಬದಲಿಸಬಹುದು. ಓದುವ ನಿರರ್ಗಳತೆಯೇ ನಿಮ್ಮ ಮುಖ್ಯ ಗುರಿಯಾಗಿದ್ದು, ನೀವು ಕಲಿಸುವ ಭಾಷೆಗೆ ಅದರಲ್ಲಿ ಬೆಂಬಲವಿದ್ದರೆ ಅದನ್ನೇ ಆರಿಸಿಕೊಳ್ಳಿ. ಬರಹವನ್ನು ಹಂತಹಂತವಾಗಿ ಬೆಳೆಸುವುದು ನಿಮ್ಮ ಗುರಿಯಾಗಿದ್ದರೆ ಕ್ಲಾಸ್‌ರೂಮ್‌ನಷ್ಟು ಸಲೀಸಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಬಳಸುವ ಮೊದಲು ಇನ್ನೊಂದು ವಿಷಯ ತಿಳಿದಿರಬೇಕು. ಕ್ಲಾಸ್‌ರೂಮ್ ಎಲ್ಲವನ್ನೂ ತರಗತಿಯ ಪ್ರಕಾರ ಜೋಡಿಸುತ್ತದೆ. ವಿದ್ಯಾರ್ಥಿಯ ಭಾಷೆ ಒಂದು ತರಗತಿಯಿಂದ ಮುಂದಿನ ತರಗತಿಗೆ ಹೇಗೆ ಬೆಳೆದು ಬಂತೆಂಬುದನ್ನು ತೋರಿಸುವ ಪುಟ ಅದರಲ್ಲಿಲ್ಲ. ಕೌನ್ಸಿಲ್ ಆಫ್ ಯುರೋಪ್ ರೂಪಿಸಿದ ಭಾಷಾ ಪೋರ್ಟ್‌ಫೋಲಿಯೊದಲ್ಲಿ ಮೂರು ಭಾಗಗಳಿವೆ: ಸಾಮರ್ಥ್ಯದ ಹಂತಗಳನ್ನು ದಾಖಲಿಸುವ ಪಾಸ್‌ಪೋರ್ಟ್, ಕಲಿಕೆಯ ಅನುಭವವನ್ನು ಬರೆದಿಡುವ ಆತ್ಮಕಥನ, ಕೆಲಸದ ಮಾದರಿಗಳ ಕಡತ. ಕ್ಲಾಸ್‌ರೂಮ್ ಮೂರನೆಯದನ್ನು ಮಾತ್ರ ಒದಗಿಸುತ್ತದೆ. ಉಳಿದೆರಡನ್ನು ಸೇರಿಸಲು ವರ್ಷದ ಮೊದಲ ಅಸೈನ್‌ಮೆಂಟ್ ಆಗಿ ಪ್ರತಿ ವಿದ್ಯಾರ್ಥಿಗೂ ಒಂದು ಡಾಕ್ಸ್ ಕಡತವನ್ನು ಕೊಟ್ಟು, ಅದರಲ್ಲಿ ‘ನಾನು ಇದನ್ನು ಮಾಡಬಲ್ಲೆ’ ಎಂಬ ಹೇಳಿಕೆಗಳ ಪಟ್ಟಿಯನ್ನಿಟ್ಟು, ಪ್ರತಿಯೊಂದರ ಮುಂದೆ ಅದಕ್ಕೆ ಪುರಾವೆಯಾದ ಬರಹ ಅಥವಾ ಧ್ವನಿಯ ಲಿಂಕನ್ನು ವಿದ್ಯಾರ್ಥಿಯೇ ದಿನಾಂಕದೊಂದಿಗೆ ಸೇರಿಸುತ್ತ ಹೋಗುವಂತೆ ಮಾಡಬಹುದು. ಸಂಸ್ಥೆಯ ಖಾತೆ ವ್ಯಾಸಂಗ ಮುಗಿದ ಮೇಲೆ ಮುಚ್ಚಿಹೋಗುವ ಸಂಭವವಿರುವುದರಿಂದ, ಲಿಂಕ್‌ಗಳ ಹಿಂದಿರುವ ಬರಹ ಮತ್ತು ಧ್ವನಿಮುದ್ರಣಗಳ ಸಮೇತ ಆ ಕಡತವನ್ನು ವರ್ಷದ ಕೊನೆಯಲ್ಲಿ ತಮ್ಮ ಸ್ವಂತ ಖಾತೆಗೆ ಪ್ರತಿ ಮಾಡಿಕೊಳ್ಳುವಂತೆ ಅವರಿಗೆ ತಪ್ಪದೆ ಹೇಳಬೇಕು.